ಹಳ್ಳಿ ಶಾಲೆಯ ಸರ್ಟಿಫಿಕೇಟಿಗೆ ಬೆಲೆ ಎಷ್ಟು?

ಮಧುಗಿರಿ ಕಡೆಯಿಂದ ನನಗೆ ಬರುವ ಫೋನ್‌ಗಳಿಗೆ ಒಂದು ಸೀಸನ್ ಇದೆ. ಮೇ ಕೊನೆಯಲ್ಲಿ ಶುರುವಾದರೆ ಆಗಸ್ಟ್ ಮುಗಿಯುವವರೆಗೂ ನಿಲ್ಲಲ್ಲ. ಸಿಇಟಿ ಬರೆದು ಎಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು ಅಂದ್ರೆ ಊರಿನವರ ಪಾಲಿಗೆ ಒಂದು ಉಚಿತ ಸಹಾಯವಾಣಿ. ಕೇಳುವವರು ಬೇರೆ ಬೇರೆ, ಪ್ರಶ್ನೆ ಹೆಚ್ಚುಕಮ್ಮಿ ಒಂದೇ: “ಅಣ್ಣ, ರ್‍ಯಾಂಕ್ ಬಂದೈತೆ. ಯಾವ ಕೋರ್ಸ್ ತಗೊಳ್ಳದು? ಸ್ಕಾಲರ್‌ಶಿಪ್ ಏನಾದ್ರೂ ಸಿಗ್ತೈತಾ?”

ಉತ್ತರ ಹೇಳುವ ಮೊದಲು ನಾನೊಂದು ಕೇಳ್ತೀನಿ. “ಒಂದರಿಂದ ಹತ್ತನೇ ಕ್ಲಾಸ್‌ವರೆಗೆ ಓದಿದ್ದೆಲ್ಲಿ?” ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ ಉತ್ತರ ಬರುತ್ತೆ: “ನಮ್ಮೂರ ಗೌರ್ಮೆಂಟ್ ಸ್ಕೂಲೇ ಅಣ್ಣ. ಕನ್ನಡ ಮೀಡಿಯಂ.”

ಹೀಗೆ ನಾಚಿಕೊಂಡು ಹೇಳುವ ಈ ಒಂದು ವಾಕ್ಯಕ್ಕೆ ಸೀಟು ಹಂಚಿಕೆಯಲ್ಲಿ ಎಷ್ಟು ಬೆಲೆ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿರಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ‘ಟಾಪ್ ಟೆನ್ ಸ್ಕಾಲರ್‌ಶಿಪ್’ ಪಟ್ಟಿಗಳಲ್ಲಿ ಇದು ಕಾಣಿಸೋದೂ ಇಲ್ಲ, ಯಾಕಂದ್ರೆ ಇದು ಸ್ಕಾಲರ್‌ಶಿಪ್ ಅಂತ ಹೆಸರಿಟ್ಟುಕೊಂಡು ಬರಲ್ಲ. ಆದರೂ ನಮ್ಮ ಕಡೆಯ ಮಕ್ಕಳಿಗೆ ಸಿಗಬಹುದಾದ ದೊಡ್ಡ ಹಣ ಇರೋದು ಇಲ್ಲೇ.

ನಮ್ಮ ಕಡೆ ಅಂದ್ರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಕಂದಾಯದ ಲೆಕ್ಕದಲ್ಲಿ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಮಧುಗಿರಿಯೇ ಬೇರೆ ಶೈಕ್ಷಣಿಕ ಜಿಲ್ಲೆ. ಚಿಕ್ಕೋಡಿ, ಶಿರಸಿ ಇದ್ದ ಹಾಗೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಟಿವಿಯಲ್ಲಿ ಮಧುಗಿರಿ ಹೆಸರು ಪ್ರತ್ಯೇಕವಾಗಿ ಬರೋದನ್ನ ನೋಡಿ ಹೊರಗಿನವರು “ಮಧುಗಿರಿ ಯಾವಾಗ ಜಿಲ್ಲೆ ಆಯ್ತು?” ಅಂತ ಕೇಳೋದುಂಟು. ಮಳೆ ಕಡಿಮೆ, ಕಡಲೆಕಾಯಿ ಜಾಸ್ತಿ, ಹಳ್ಳಿ ಶಾಲೆಗಳು ಇನ್ನೂ ಜಾಸ್ತಿ ಇರುವ ನಾಲ್ಕು ತಾಲ್ಲೂಕು.

ಈಗ ಲೆಕ್ಕಕ್ಕೆ ಬರೋಣ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ಮೂಲಕ ಹಂಚುವ ಎಂಜಿನಿಯರಿಂಗ್ ಸೀಟುಗಳಲ್ಲಿ ಪ್ರತಿ ಪ್ರವರ್ಗದ ಒಳಗೂ ಶೇ 15 ಗ್ರಾಮೀಣ ಅಭ್ಯರ್ಥಿಗಳಿಗೆ, ಶೇ 5 ಕನ್ನಡ ಮಾಧ್ಯಮದವರಿಗೆ ಮೀಸಲು. ಕಟಾಫ್ ಪಟ್ಟಿಯಲ್ಲಿ ಜಿಎಂ, ಜಿಎಂಆರ್, ಜಿಎಂಕೆ ಅಂತಲೋ 2ಎಜಿ, 2ಎಆರ್, 2ಎಕೆ ಅಂತಲೋ ಕಾಣುತ್ತಲ್ಲ, ಅದರಲ್ಲಿ ಕೊನೆಯ ‘ಆರ್’ ಅಂದರೆ ರೂರಲ್, ‘ಕೆ’ ಅಂದರೆ ಕನ್ನಡ ಮಾಧ್ಯಮ. ಹಿಂದಿನ ವರ್ಷದ ಕಟಾಫ್ ಪಟ್ಟಿ ಕೆಇಎ ವೆಬ್‌ಸೈಟಿನಲ್ಲೇ ಇರುತ್ತೆ. ನಿಮ್ಮ ಮನಸ್ಸಿನಲ್ಲಿರುವ ಕಾಲೇಜು ತೆಗೆದು, ಒಂದೇ ಬ್ರಾಂಚಿನ ಎದುರಿಗೆ ಈ ಮೂರೂ ಕಾಲಂಗಳನ್ನ ಅಕ್ಕಪಕ್ಕ ಇಟ್ಟು ನೋಡಿ. ಜನರಲ್ ಕಾಲಂನಲ್ಲಿ ಬಾಗಿಲು ಮುಚ್ಚಿದ ರ್‍ಯಾಂಕಿಗೆ ಪಕ್ಕದ ಕಾಲಂನಲ್ಲಿ ಸೀಟು ಸಿಕ್ಕಿರೋ ಉದಾಹರಣೆ ಎಷ್ಟೋ ಇರ್ತವೆ.

ಇದು ಹಣ ಹೇಗಾಯ್ತು ಅಂತೀರಾ? ಖಾಸಗಿ ಕಾಲೇಜಿನಲ್ಲಿ ಸಿಇಟಿ ಸೀಟಿಗೆ ವರ್ಷಕ್ಕೆ ಸುಮಾರು ಒಂದು ಲಕ್ಷ. ಅದೇ ಕಾಲೇಜಿನ ಅದೇ ಬೆಂಚಿನಲ್ಲಿ ಕಾಮೆಡ್‌ಕೆ ಮೂಲಕ ಬಂದು ಕೂರುವ ಹುಡುಗ ಕಟ್ಟೋದು ಎರಡೂವರೆ ಲಕ್ಷದ ಆಸುಪಾಸು. ಮ್ಯಾನೇಜ್‌ಮೆಂಟ್ ಸೀಟಿನ ಕಥೆ ಬಿಡಿ, ಅದಕ್ಕೆ ತಳಬುಡ ಇಲ್ಲ. ನಾಲ್ಕು ವರ್ಷಕ್ಕೆ ಗುಣಿಸಿದರೆ ಮೊದಲ ಎರಡರ ನಡುವಿನ ಅಂತರವೇ ಆರು ಲಕ್ಷ ದಾಟುತ್ತೆ. ಬಿ.ಇ. ಓದೋರಿಗೆ ಅಷ್ಟು ಹಣ ಕೊಡುವ ಸ್ಕಾಲರ್‌ಶಿಪ್‌ಗಳು ಬೆರಳೆಣಿಕೆ, ಅವಕ್ಕೆ ದೇಶದ ಮೂಲೆಮೂಲೆಯಿಂದ ಅರ್ಜಿ. ನಿಮ್ಮೂರ ಶಾಲೆ ಕೊಡುವ ವ್ಯಾಸಂಗ ಪ್ರಮಾಣಪತ್ರಕ್ಕೆ ಸ್ಪರ್ಧೆ ಅಷ್ಟಿಲ್ಲ.

ಷರತ್ತು ಕಟ್ಟುನಿಟ್ಟು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನೀವು ಇರೋದು ಹಳ್ಳಿಯಲ್ಲಾ ಪಟ್ಟಣದಲ್ಲಾ ಅನ್ನೋದು ಲೆಕ್ಕಕ್ಕಿಲ್ಲ, ಶಾಲೆ ಎಲ್ಲಿತ್ತು ಅನ್ನೋದೇ ಲೆಕ್ಕ. ಶಿರಾ ನಗರಸಭೆ, ಮಧುಗಿರಿ ಪುರಸಭೆ, ಕೊರಟಗೆರೆ ಪಟ್ಟಣ ಪಂಚಾಯಿತಿ, ಹೀಗೆ ಇಂಥ ವ್ಯಾಪ್ತಿಯೊಳಗಿನ ಶಾಲೆಯಲ್ಲಿ ಒಂದೇ ಒಂದು ವರ್ಷ ಓದಿದ್ದರೂ ಗ್ರಾಮೀಣ ಮೀಸಲಾತಿ ಹೋಯ್ತು. ಕನ್ನಡ ಮಾಧ್ಯಮಕ್ಕೂ ಇದೇ ಹತ್ತು ವರ್ಷ. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಆದರೆ ಸಾಲದು, ಬಿಇಒ ಮೇಲುಸಹಿಯೂ ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆಯದ್ದು. ಪ್ರೈಮರಿ ಒಂದು ಊರು, ಹೈಸ್ಕೂಲು ಇನ್ನೊಂದು ಊರು ಅನ್ನೋದು ನಮ್ಮ ಕಡೆ ಮಾಮೂಲಿ, ಹಾಗಾಗಿ ಈ ಓಡಾಟಕ್ಕೆ ಒಂದು ವಾರ ಇಟ್ಟುಕೊಳ್ಳಿ. ಬೇಸಿಗೆ ರಜೆಯಲ್ಲಿ ಹೆಡ್‌ಮಾಸ್ಟರು ಊರಲ್ಲಿರಲ್ಲ ಅನ್ನೋದನ್ನೂ ಸೇರಿಸಿಕೊಂಡು.

ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳಿದರೆ ಕೆನೆಪದರಕ್ಕೆ ಸೇರಿಲ್ಲ ಅಂತ ತಹಶೀಲ್ದಾರರ ಪ್ರಮಾಣಪತ್ರವೂ ಬೇಕು. ಇನ್ನು ಇದನ್ನೆಲ್ಲ ಕೇಳಿಕೊಳ್ಳಬೇಕಾದ್ದು ರ್‍ಯಾಂಕ್ ಬಂದ ಮೇಲಲ್ಲ, ಅರ್ಜಿ ತುಂಬುವಾಗಲೇ. ಸೈಬರ್ ಸೆಂಟರಿನಲ್ಲಿ ಕ್ಯೂ ನಿಂತಾಗ “ಗ್ರಾಮೀಣ, ಕನ್ನಡ ಮಾಧ್ಯಮ” ಅನ್ನುವ ಕಾಲಂಗಳಿಗೆ ಅಲ್ಲಿನ ಹುಡುಗ ಆತುರದಲ್ಲಿ ‘ಇಲ್ಲ’ ಒತ್ತಿಬಿಟ್ಟರೆ ಮುಗೀತು. ತಿದ್ದುಪಡಿಗೆ ಅವಕಾಶ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ದುಡ್ಡು ಕೊಟ್ಟು ಅರ್ಜಿ ತುಂಬಿಸುವವರು ಸ್ಕ್ರೀನ್ ಕಡೆ ತಿರುಗಿ ಕೂತು ಪ್ರತಿ ಸಾಲನ್ನೂ ಓದಬೇಕು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ ಕಾರಣ ಇದೆ.

ಇನ್ನೊಂದು ಬಾಗಿಲು ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗೆ ಇದ್ದವರಿಗೆ ಇಲ್ಲಿ ಬೋಧನಾ ಶುಲ್ಕ ಮಾಫಿ. ಉಳಿದ ಶುಲ್ಕ ಕಟ್ಟಬೇಕು. ಕೇಳೋಕೆ ಚೆಂದ. ಆದರೆ 60 ಸೀಟಿನ ಬ್ರಾಂಚಿಗೆ ಇದು 3 ಸೀಟು, ಹಂಚೋದು ಮೆರಿಟ್ ಮೇಲೆ, 8 ಲಕ್ಷದೊಳಗೆ ಬರುವ ಮನೆಗಳು ಲೆಕ್ಕವಿಲ್ಲದಷ್ಟು. ಒಳ್ಳೇ ಕಾಲೇಜಿನ ಕಂಪ್ಯೂಟರ್ ಸೈನ್ಸಿಗೆ ಇದನ್ನೇ ನಂಬಿ ಕೂರಬೇಡಿ. ಬ್ರಾಂಚ್ ಬಗ್ಗೆ ಹಟ ಇಲ್ಲದವರಿಗೆ ಇದು ನಿಜಕ್ಕೂ ದಾರಿ.

ಬ್ರಾಂಚ್ ಅಂದ ಕೂಡಲೇ ಕೋರ್ಸಿನ ಪ್ರಶ್ನೆ ಬಂತು.

ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿ ಹುಡುಗಿಯ ವಿಷಯ ಹೇಳ್ತೀನಿ, ದೂರದ ನೆಂಟರು. ಅಪ್ಪನಿಗೆ ಎರಡು ಎಕರೆಗೆ ಸ್ವಲ್ಪ ಕಡಿಮೆ ಜಮೀನು, ಅಮ್ಮ ಕೂಲಿಗೂ ಹೋಗ್ತಾರೆ. ಒಂದರಿಂದ ಹತ್ತು ಊರ ಸರ್ಕಾರಿ ಶಾಲೆ, ಪಿಯುಸಿ ಸೈನ್ಸ್ ಸರ್ಕಾರಿ ಕಾಲೇಜು. ಪ್ರವರ್ಗ 2ಎ. ಅವಳಿಗೆ ಬೇಕಿದ್ದದ್ದು ಬೆಂಗಳೂರು ಮತ್ತು ಕಂಪ್ಯೂಟರ್ ಸೈನ್ಸ್. ಬಂದ ರ್‍ಯಾಂಕಿಗೆ ಎರಡೂ ಸಿಗೋ ಹಾಗಿತ್ತು, ಆದರೆ ಊರ ಹೊರಗೆ ಯಾರೂ ಹೆಸರು ಕೇಳದ ಒಂದು ಕಾಲೇಜಿನಲ್ಲಿ. ಗ್ರಾಮೀಣ ಕಾಲಂನಲ್ಲಿ ನೋಡಿದರೆ ತುಮಕೂರಿನಲ್ಲೇ ಹಳೇ ಕಾಲೇಜಿನ ಎಲೆಕ್ಟ್ರಾನಿಕ್ಸ್ ಎಟುಕುತ್ತಿತ್ತು.

ಮನೆಯಲ್ಲಿ ಎರಡು ಪಕ್ಷ ಆಯ್ತು. ಮಾವ “ಈಗೆಲ್ಲ ಕಂಪ್ಯೂಟರ್ ಸೈನ್ಸೇ” ಅಂದ್ರು. ಅಪ್ಪ “ಹೆಣ್ಣುಮಗ ಅಷ್ಟು ದೂರ ಯಾಕೆ” ಅಂದ್ರು, ಇದು ನನಗೆ ಹಿಡಿಸದ ವಾದ. ದೂರ ಅನ್ನೋ ಕಾರಣಕ್ಕೆ ಬೇಡ ಅನ್ನೋದಾದರೆ ನಾನೂ ಅವಳ ಪರವೇ ನಿಲ್ತಿದ್ದೆ. ಆದರೆ ಖರ್ಚು ಬೇರೆ ವಿಷಯ. ಬೆಂಗಳೂರಲ್ಲಿ ಪಿಜಿ ಅಂದ್ರೆ ತಿಂಗಳಿಗೆ ಏಳೆಂಟು ಸಾವಿರ, ವರ್ಷಕ್ಕೆ ಕಾಲೇಜು ಫೀಸಿನಷ್ಟೇ ಇನ್ನೊಂದು ಫೀಸು. ಕೊರಟಗೆರೆಯಿಂದ ತುಮಕೂರಿಗೆ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಯಾವ ಸ್ಕಾಲರ್‌ಶಿಪ್ ಪಟ್ಟಿಯಲ್ಲೂ ಬಸ್ಸಿನ ಹೆಸರಿಲ್ಲ. ಆದರೆ ಹಾಸ್ಟೆಲ್ ಉಳಿಸಿದ ಬಸ್ಸು ವರ್ಷಕ್ಕೆ ಮುಕ್ಕಾಲು ಲಕ್ಷ ಉಳಿಸಿದ ಹಾಗೆ. ಮಧುಗಿರಿ, ಶಿರಾದಿಂದಲೂ ದಿನಾ ತುಮಕೂರಿಗೆ ಓಡಾಡಿ ಓದುವವರಿದ್ದಾರೆ, ಬೆಳಿಗ್ಗೆ ಬೇಗ ಏಳಬೇಕು ಅಷ್ಟೇ. ಪಾವಗಡದವರಿಗೆ ಆ ಭಾಗ್ಯ ಇಲ್ಲ. ತುಮಕೂರು ಅವರಿಗೆ ನೂರು ಕಿಲೋಮೀಟರ್ ಆಸುಪಾಸು.

ನನ್ನನ್ನ ಕೇಳಿದಾಗ ನಾನು ನನ್ನ ಟೀಮಿನ ವಿಷಯ ಹೇಳಿದೆ. ನಾವು ಕೂತು ಕೋಡ್ ಬರೆಯುವ ಸಾಲಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿದ್ದಾರೆ, ಮೆಕ್ಯಾನಿಕಲ್‌ನವರಿದ್ದಾರೆ, ಬಿಸಿಎ ಆಮೇಲೆ ಎಂಸಿಎ ಮಾಡಿದವರಿದ್ದಾರೆ. ಎಲೆಕ್ಟ್ರಾನಿಕ್ಸ್ ಓದಿ ಸಾಫ್ಟ್‌ವೇರಿಗೆ ಬರಬಹುದು, ಆ ಕಡೆಯಿಂದ ಈ ಕಡೆಗೆ ಬರೋದು ಕಷ್ಟ. ಹಾಗಂತ ಎಲ್ಲರಿಗೂ ಎಂಜಿನಿಯರಿಂಗೇ ಬೇಕು ಅಂತಲೂ ಅಲ್ಲ. ಗಣಿತ ಕಂಡರೆ ಆಗದವರು ನಾಲ್ಕು ವರ್ಷ ಅದನ್ನ ನುಂಗಿಕೊಂಡು ಕೂರೋದು ಯಾಕೆ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ತುಮಕೂರು ವಿಶ್ವವಿದ್ಯಾಲಯ 2004ರಿಂದ ಇದೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿದಿದೆ. ಕಡಿಮೆ ಖರ್ಚಿನಲ್ಲಿ ಬಿ.ಎಸ್ಸಿ. ಅಥವಾ ಬಿಸಿಎ ಮುಗಿಸಿ, ಪಿಜಿಸಿಇಟಿ ಬರೆದು ಎಂಸಿಎಗೆ ಹೋದವರು ಐದು ವರ್ಷದಲ್ಲಿ ಅದೇ ಕೆಲಸಕ್ಕೆ ಬರ್ತಾರೆ.

ಬಿ.ಎಸ್ಸಿ. ಕೃಷಿಯನ್ನಂತೂ ನಮ್ಮ ಕಡೆಯವರು ಎರಡನೇ ದರ್ಜೆ ಥರ ನೋಡ್ತಾರೆ, ಅದು ಬೇಸರದ ವಿಷಯ. ಅಲ್ಲಿ ರೈತರ ಮಕ್ಕಳಿಗೇ ಪ್ರತ್ಯೇಕ ಕೋಟಾ ಇದೆ. ಮೊದಲು ಶೇ 40 ಇದ್ದದ್ದು ಶೇ 50ಕ್ಕೆ ಏರಿದೆ. ಆ ಕೋಟಾಗೆ ಪ್ರಾಯೋಗಿಕ ಪರೀಕ್ಷೆ ಇರುತ್ತೆ. ಬೀಜ, ಗೊಬ್ಬರ, ಕಳೆ, ಸಲಕರಣೆ ಮುಂದಿಟ್ಟು ಗುರುತಿಸು ಅಂತಾರೆ. ಕಡಲೆಕಾಯಿ ಬಿತ್ತಿ, ಕಿತ್ತು, ಬಿಡಿಸಿ ಬೆಳೆದ ಮಕ್ಕಳಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಸಿಇಟಿ ಅರ್ಜಿಯಲ್ಲಿ ಆ ಕಾಲಂ ತುಂಬಿ, ಪರೀಕ್ಷೆಯ ದಿನ ಹೋಗಿ ಬಂದಿದ್ದರೆ ಮಾತ್ರ.

ಆ ಹುಡುಗಿ ಕೊನೆಗೆ ತುಮಕೂರನ್ನೇ ಮೊದಲ ಆಪ್ಷನ್ ಹಾಕಿದಳು. ಮೊದಲ ಸುತ್ತಲ್ಲೇ ಸಿಕ್ತು, ‘ಚಾಯ್ಸ್ 1’ ಒತ್ತಿದಳು. ಒಂದು ಅಂದ್ರೆ ತೃಪ್ತಿ ಇದೆ, ಸೇರ್ತೀನಿ. ಎರಡು ಅಂದ್ರೆ ಇದನ್ನ ಇಟ್ಕೊಂಡು ಮುಂದಿನ ಸುತ್ತು ನೋಡ್ತೀನಿ. ಮೂರು ಅಂದ್ರೆ ಇದು ಬೇಡ, ಮುಂದಿನ ಸುತ್ತು ಬೇಕು. ನಾಲ್ಕು ಅಂದ್ರೆ ಆಟದಿಂದಲೇ ಹೊರಗೆ. ಮೂರು ಒತ್ತೋಕೆ ಗುಂಡಿಗೆ ಬೇಕು, ನಾಲ್ಕು ಒತ್ತೋ ಮುಂಚೆ ಮನೆಯಲ್ಲಿ ಕೂತು ಮಾತಾಡಿ.

ಇನ್ನು ನಿಜವಾದ ಸ್ಕಾಲರ್‌ಶಿಪ್‌ಗಳು. ಇಲ್ಲಿ ಒಂದು ಮಾತು ಮೊದಲೇ ತಲೆಯಲ್ಲಿರಲಿ: ಫೀಸು ಕಟ್ಟೋದು ಸೇರುವಾಗ, ಸ್ಕಾಲರ್‌ಶಿಪ್ ಬರೋದು ಸೇರಿದ ಮೇಲೆ. ಅರ್ಜಿ ಹಾಕೋಕೇ ಕಾಲೇಜಿನ ದಾಖಲಾತಿ ವಿವರ ಬೇಕಲ್ಲ. ಹಾಗಾಗಿ ಸ್ಕಾಲರ್‌ಶಿಪ್ ಹಣವನ್ನ ಮೊದಲ ಕಂತಿನ ಫೀಸಿಗೆ ಲೆಕ್ಕ ಹಾಕಿದ ಮನೆಗಳು ಆ ವಾರ ಒಡವೆ ಅಡ ಇಡ್ತವೆ. ಈ ಹುಡುಗಿಯ ಮನೆಯಲ್ಲೂ ಅಮ್ಮನ ಸ್ತ್ರೀಶಕ್ತಿ ಸಂಘದ ಸಾಲ ಮತ್ತು ಒಂದು ಜೊತೆ ಓಲೆ ಸೇರಿಯೇ ಮೊದಲ ಫೀಸು ಆದದ್ದು. ಅವಳಿಗೆ ಬಂದ ಒಂದು ಸ್ಕಾಲರ್‌ಶಿಪ್ಪಿನ ಹಣ ಎರಡನೇ ಸೆಮಿಸ್ಟರ್ ಮಧ್ಯದಲ್ಲಿ ಖಾತೆಗೆ ಬಿತ್ತು. ಓಲೆ ಬಿಡಿಸಿಕೊಂಡರು.

ರಾಜ್ಯದ್ದು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ, ಎಲ್ಲದರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ಒಂದೇ ಅರ್ಜಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕುಟುಂಬದ ಆದಾಯ ಎರಡೂವರೆ ಲಕ್ಷದೊಳಗೆ ಇದ್ದರೆ ಇದು ದೊಡ್ಡ ಆಸರೆ. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ‘ವಿದ್ಯಾಸಿರಿ’ ಇದೆ: ಊಟ, ವಸತಿಗೆ ಅಂತ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳು. ಪಾವಗಡದಿಂದ ತುಮಕೂರಿಗೆ ಬಂದು ರೂಮು ಮಾಡಿಕೊಂಡವರಿಗೆ ಇದು ಅರ್ಧ ಬಾಡಿಗೆ.

ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ. 2021ರಲ್ಲಿ ಶುರುವಾದಾಗ ನಿಗದಿಯಾದ ಮೊತ್ತ ಪಿಯುಸಿ, ಐಟಿಐ, ಡಿಪ್ಲೊಮಾಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000, ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗೆ 5,000 ಮತ್ತು 5,500, ಬಿ.ಇ., ಎಂಬಿಬಿಎಸ್‌ಗೆ 10,000 ಮತ್ತು 11,000. ಇದಕ್ಕೆ ಬೇಕಾದ್ದು ‘ಫ್ರೂಟ್ಸ್’ ನೋಂದಣಿಯ ಎಫ್‌ಐಡಿ ನಂಬರು. ಜಮೀನು ಇನ್ನೂ ತಾತನ ಹೆಸರಲ್ಲಿದೆ, ಪೌತಿ ಖಾತೆ ಆಗಿಲ್ಲ ಅನ್ನೋ ಮನೆಗಳು ನಮ್ಮ ಕಡೆ ಎಷ್ಟಿಲ್ಲ? ಅಲ್ಲಿ ಅಪ್ಪ ದಿನಾ ಹೊಲದಲ್ಲಿದ್ದರೂ ಕಾಗದದಲ್ಲಿ ರೈತ ಅಲ್ಲ. ಮಗ ಹೈಸ್ಕೂಲಲ್ಲಿರುವಾಗಲೇ ಆ ಕೆಲಸ ಮುಗಿಸಿಡಿ, ತಾಲ್ಲೂಕು ಕಚೇರಿಯ ಕೆಲಸ ಸಿಇಟಿ ಕ್ಯಾಲೆಂಡರ್ ನೋಡಿಕೊಂಡು ನಡೆಯಲ್ಲ. ಕಟ್ಟಡ ಕೆಲಸದವರ ಮಕ್ಕಳಿಗೆ ಲೇಬರ್ ಕಾರ್ಡಿನ ಮೇಲೆ ಕಾರ್ಮಿಕ ಕಲ್ಯಾಣ ಮಂಡಳಿಯ ಸಹಾಯಧನ ಬೇರೆ ಇದೆ.

ಕೇಂದ್ರದ್ದಕ್ಕೆ ಎನ್‌ಎಸ್‌ಪಿ ಪೋರ್ಟಲ್. ಪಿಯುಸಿಯಲ್ಲಿ ನಿಮ್ಮ ಬೋರ್ಡಿನ ಮೇಲಿನ ಶೇ 20ರೊಳಗೆ ಬಂದು, ಮನೆಯ ಆದಾಯ 4.5 ಲಕ್ಷದೊಳಗೆ ಇದ್ದರೆ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅರ್ಹರು. ಪದವಿಯ ಮೊದಲ ಮೂರು ವರ್ಷ 12,000, ಎಂಜಿನಿಯರಿಂಗ್‌ನವರಿಗೆ ನಾಲ್ಕನೇ ವರ್ಷ 20,000. ಬೇರೆ ವಿದ್ಯಾರ್ಥಿವೇತನ ಪಡೀತಿದ್ದರೆ ಇದು ಸಿಗಲ್ಲ ಅನ್ನೋದು ಅದರ ಷರತ್ತು. ಎರಡೂ ಕಡೆ ಹಾಕಿ ಎರಡೂ ಬರಲಿ ಅಂತ ಕಾಯೋ ಬದಲು ಯಾವುದು ಹೆಚ್ಚು ಅಂತ ಮೊದಲೇ ಲೆಕ್ಕ ಹಾಕಿ. ಎಂಜಿನಿಯರಿಂಗ್ ಸೇರುವ ಹುಡುಗಿಯರು ಎಐಸಿಟಿಇಯ ‘ಪ್ರಗತಿ’ ನೋಡಲೇಬೇಕು: ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ.

ಖಾಸಗಿಯವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. ಹತ್ತು ಮತ್ತು ಹನ್ನೆರಡು, ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲೇ ಪಾಸಾದ ಹುಡುಗಿಯರಿಗೆ ವರ್ಷಕ್ಕೆ 30,000, ಕೋರ್ಸ್ ಮುಗಿಯುವವರೆಗೆ. ಕರ್ನಾಟಕದಲ್ಲಿ ‘ದೀಪಿಕಾ’ ಅನ್ನೋ ಹೆಸರಲ್ಲಿ ಸರ್ಕಾರದ ಜೊತೆ ಸೇರಿ ಕೊಡ್ತಿದ್ದಾರೆ. ಬಿ.ಎ. ಆದರೂ ಸರಿ, ನರ್ಸಿಂಗ್ ಆದರೂ ಸರಿ, ಬಿ.ಇ. ಆದರೂ ಸರಿ. ಮತ್ತೆ ಅದೇ ನೋಡಿ: ಎಲ್ಲಿ ಓದಿದೆ ಅನ್ನೋ ಪ್ರಶ್ನೆಗೆ ದನಿ ತಗ್ಗಿಸಿ ಕೊಟ್ಟ ಉತ್ತರಕ್ಕೇ ಹಣ. ಎಸ್ಸೆಸ್ಸೆಲ್ಸಿ ಮುಗಿಸಿ, ಇದ್ದಬದ್ದದ್ದನ್ನ ಸುರಿದು ಖಾಸಗಿ ಪಿಯು ಕಾಲೇಜಿಗೆ ಸೇರಿಸುವ ಮುಂಚೆ ಇದನ್ನೂ ತೂಗಿ ನೋಡಬೇಕು. ಖಾಸಗಿ ಕಾಲೇಜಿನಿಂದ ರ್‍ಯಾಂಕ್ ನಿಜಕ್ಕೂ ಮೇಲೆ ಬರುತ್ತೆ ಅನ್ನೋ ಹಾಗಿದ್ದರೆ ಅದು ಬೇರೆ ಮಾತು.

ಇನ್ಫೊಸಿಸ್ ಫೌಂಡೇಶನ್ನಿನ ‘ಸ್ಟೆಮ್ ಸ್ಟಾರ್ಸ್’ ಹುಡುಗಿಯರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ಕೊಡುತ್ತೆ, 2023ರಿಂದ. ರಿಲಯನ್ಸ್ ಫೌಂಡೇಶನ್ ವರ್ಷಕ್ಕೆ 5,000 ಪದವಿ ವಿದ್ಯಾರ್ಥಿಗಳನ್ನ ಆರಿಸುತ್ತೆ, ಇಡೀ ಕೋರ್ಸಿಗೆ ಎರಡು ಲಕ್ಷದವರೆಗೆ. ಅದಕ್ಕೆ ಆನ್‌ಲೈನ್ ಪರೀಕ್ಷೆ ಇದೆ. ‘ವಿದ್ಯಾಧನ್’ ಹತ್ತನೇ ಕ್ಲಾಸ್ ಮುಗಿದ ಕೂಡಲೇ ಹಾಕಬೇಕಾದದ್ದು, ಪಿಯುಸಿ ಮುಗಿದ ಮೇಲೆ ನೆನಪಾದರೆ ತಡ. ಇವು ಯಾವುದಕ್ಕೂ ಯಾರಿಗೂ ‘ಪ್ರೊಸೆಸಿಂಗ್ ಫೀ’ ಕೊಡಬೇಕಾಗಿಲ್ಲ. ಕೇಳಿದರೆ ಫೋನ್ ಇಡಿ.

ಸಾಲ ಅಂದ್ರೆ ಊರಲ್ಲಿ ಹೆದರ್ತಾರೆ. ಶಿಕ್ಷಣ ಸಾಲವನ್ನ ಸಂಘದ ಸಾಲದ ಜೊತೆ ಹೋಲಿಸಬೇಡಿ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಿಗೆ ಅವರ ಅಭಿವೃದ್ಧಿ ನಿಗಮ ಕೊಡುವ ‘ಅರಿವು’ ಸಾಲಕ್ಕೆ ಶೇ 2 ಮಾತ್ರ. ಬ್ಯಾಂಕಿನಲ್ಲಿ 4 ಲಕ್ಷದವರೆಗೆ ಜಮೀನು, ಮನೆ ಅಡ ಕೇಳುವಂತಿಲ್ಲ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಆಯ್ದ ಕಾಲೇಜುಗಳಿಗಷ್ಟೇ ಅನ್ವಯ, ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಓಲೆ ಅಡ ಇಡೋದಕ್ಕಿಂತ ಇದು ಎಷ್ಟೋ ವಾಸಿ, ಆದರೆ ಮಂಜೂರಾಗೋಕೆ ಸಮಯ ಬೇಕು. ಸೀಟು ಸಿಕ್ಕ ದಿನವೇ ಮ್ಯಾನೇಜರ್ ಮುಂದೆ ಹೋಗಿ ಕೂರಬೇಕು.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡ್ತೀನಿ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಇದ್ದರೂ ಅರ್ಜಿ ನಿಲ್ಲುತ್ತೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಹಣ ಬರೋದು ಅಲ್ಲಿ ಮ್ಯಾಪ್ ಆದ ಖಾತೆಗೆ. ಇನ್ನೊಂದು: ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಸಿಇಟಿಗೆ ನಡೆಯುವ ಪ್ರಮಾಣಪತ್ರ ಎನ್‌ಐಟಿ, ಐಐಟಿಗೆ ನಡೆಯಲ್ಲ.

ಪಾವಗಡದ ಸಮಸ್ಯೆ ಸ್ವಲ್ಪ ಬೇರೆ, ಅದನ್ನ ಹೇಳದೆ ಬಿಟ್ಟರೆ ತಪ್ಪಾಗುತ್ತೆ. ನಕ್ಷೆ ನೋಡಿ, ಆ ತಾಲ್ಲೂಕಿನ ಸುತ್ತ ಹೆಚ್ಚುಕಮ್ಮಿ ಎಲ್ಲ ಕಡೆ ಆಂಧ್ರ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಹತ್ತಿರದ ಶಾಲೆ ಕೆಲವೊಮ್ಮೆ ಗಡಿಯಾಚೆ. ಹಾಗೆ ಓದಿದ ಒಬ್ಬ ಹುಡುಗ ಫೋನ್ ಮಾಡಿದ್ದ. ಐದರವರೆಗೆ ಪಾವಗಡ ತಾಲ್ಲೂಕು, ಆರರಿಂದ ಹತ್ತು ಆಂಧ್ರ, ಪಿಯುಸಿ ಮತ್ತೆ ಈ ಕಡೆ. ಸಿಇಟಿ ಸೀಟಿಗೆ ಒಂದರಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತು ಅಥವಾ ಹನ್ನೆರಡು ಇಲ್ಲೇ ಪಾಸಾಗಿರಬೇಕು. ಐದು ಮತ್ತೆ ಎರಡು, ಏಳು. ಕೂದಲೆಳೆಯಲ್ಲಿ ಪಾರು. ಆದರೆ ಹಳ್ಳಿಯಲ್ಲೇ ಹುಟ್ಟಿ ಬೆಳೆದರೂ ಗ್ರಾಮೀಣ ಕೋಟಾ ಇಲ್ಲ, ಕನ್ನಡ ಮಾಧ್ಯಮವೂ ಇಲ್ಲ.

ಅವನಿಗೆ ಎಲೆಕ್ಟ್ರಿಕಲ್ ಬೇಕಿತ್ತು. ಯಾಕೆ ಅಂದ್ರೆ ಸೋಲಾರ್ ಪಾರ್ಕ್. ತಿರುಮಣಿ, ಬಳಸಮುದ್ರ, ವಳ್ಳೂರು ಕಡೆ 13,000 ಎಕರೆ, 2,050 ಮೆಗಾವಾಟ್. 2018ರಲ್ಲಿ ಉದ್ಘಾಟನೆ ಆದದ್ದು. ರೈತರು ಜಮೀನು ಮಾರಿಲ್ಲ, ಎಕರೆಗೆ ವರ್ಷಕ್ಕೆ 21,000ದಂತೆ ಗುತ್ತಿಗೆ ಕೊಟ್ಟಿದ್ದಾರೆ. ಕಣ್ಣೆದುರಿಗೇ ಇಷ್ಟು ದೊಡ್ಡ ಘಟಕ ಇದ್ದರೆ ಅಲ್ಲೇ ಕೆಲಸ ಅನ್ನಿಸೋದು ಸಹಜ. ನಾನು ಹೇಳಿದ್ದಿಷ್ಟು: ಎಲೆಕ್ಟ್ರಿಕಲ್ ಇಷ್ಟ ಇದ್ದರೆ ತಗೋ, ಪಾರ್ಕ್ ಇದೆ ಅಂತ ತಗೋಬೇಡ. ಸೋಲಾರ್ ಘಟಕ ಕಟ್ಟುವಾಗ ಜನ ಬೇಕು, ಕಟ್ಟಿದ ಮೇಲೆ ಬೇಕಾಗೋ ಎಂಜಿನಿಯರುಗಳು ಕೆಲವರೇ. ಅದೇ ಡಿಗ್ರಿಗೆ ಕೆಪಿಟಿಸಿಎಲ್, ಬೆಸ್ಕಾಂ ಪರೀಕ್ಷೆ ಇದೆ, ಗುಬ್ಬಿಯ ಎಚ್‌ಎಎಲ್ ಇದೆ, ವಸಂತನರಸಾಪುರದ ಕಾರ್ಖಾನೆಗಳಿವೆ. ಅವನು ಎಲೆಕ್ಟ್ರಿಕಲ್ಲೇ ತಗೊಂಡ, ಅದೂ ಇಷ್ಟಪಟ್ಟು.

ಈಗ ಕೊರಟಗೆರೆ ಹುಡುಗಿಗೆ ಎರಡನೇ ವರ್ಷ. ಹೋದ ತಿಂಗಳು ಅವಳಪ್ಪ ಫೋನ್ ಮಾಡಿದ್ರು, ಈ ಸಲ ಮಗನ ವಿಷಯ. ಊರ ಶಾಲೆಯಲ್ಲಿ ಎಂಟು ಮುಗಿಸಿದ್ದಾನೆ. ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಯವರು ಮನೆಗೇ ವ್ಯಾನ್ ಕಳಿಸ್ತೀವಿ ಅಂದಿದ್ದಾರೆ, ಒಂಬತ್ತು, ಹತ್ತು ಅಲ್ಲಿ ಓದಿದರೆ ಪಿಯುಸಿಗೆ ಸಲೀಸು ಅನ್ನೋದು ಅವರ ಆಸೆ. ಆಸೆ ಸುಳ್ಳೇನಲ್ಲ. ಪಿಯುಸಿ ಮೊದಲ ವರ್ಷ ಇಂಗ್ಲಿಷಿನಲ್ಲಿ ಫಿಸಿಕ್ಸ್ ಎದುರಿಸೋ ಕಷ್ಟವನ್ನ ಮಗಳಲ್ಲಿ ಅವರು ನೋಡಿದ್ದಾರೆ. ನಾನು ಉತ್ತರ ಹುಡುಕ್ತಾ ಇದ್ದಾಗಲೇ ಆ ಕಡೆ ಫೋನ್ ಕೈ ಬದಲಾಯ್ತು.

“ಅಣ್ಣ, ನೀನೇನೂ ಹೇಳಬೇಡ, ನಾನೇ ಹೇಳಿದೀನಿ. ಇನ್ನೆರಡು ವರ್ಷ ಅವ್ನು ಇಲ್ಲೇ ಓದ್ಲಿ. ಇಂಗ್ಲಿಷ್ ನಾನು ಹೇಳಿಕೊಡ್ತೀನಿ, ಬಸ್ಸಲ್ಲಿ ಬಂದ್ಮೇಲೆ ದಿನಾ ಒಂದ್ ಗಂಟೆ. ಹೆಡ್‌ಮಾಸ್ಟ್ರು ಮುಂದಿನ್ ವರ್ಷ ರಿಟೈರ್ ಆಗ್ತಾರಂತೆ. ಎಂಟನೇ ಕ್ಲಾಸ್‌ವರೆಗಿಂದು ಸರ್ಟಿಫಿಕೇಟ್ ಈಗ್ಲೇ ಬರೆಸಿ ಇಟ್ಕೊಳ್ಳೋಕೆ ಆಗ್ತೈತಾ, ಅಷ್ಟ್ ಹೇಳು.”